ಬಾನೆಟ್ಟಿನ ಕೆಳಗಿನ ಬಟ್ಟಲು

ಹೊಗೆ ಯಾವ ಬಣ್ಣದ್ದಿತ್ತು ಎಂಬ ಬಗ್ಗೆ ನನಗೂ ಅಕ್ಕನಿಗೂ ಇವತ್ತಿಗೂ ಹೊಂದಾಣಿಕೆಯಾಗಿಲ್ಲ. ನನ್ನ ನೆನಪಿನಲ್ಲಿ ಅದು ನೀಲಿ. ಬೆಳಗಿನ ಬಿಸಿಲಿಗೆ ಅಡ್ಡಲಾಗಿ ಬೇವಿನ ಮರದ ಕೆಳಗೆ ತೆಳ್ಳಗೆ ಹರಡಿಕೊಂಡು ಬಹಳ ಹೊತ್ತು ಅಲ್ಲೇ ನಿಲ್ಲುತ್ತಿದ್ದ ನೀಲಿ. ಈಗ ಹಡಗಲಿಯಲ್ಲಿ ನರ್ಸ್ ಆಗಿರುವ ಅಕ್ಕ ಅದು ಕಪ್ಪು ಎನ್ನುತ್ತಾಳೆ, ಸಾಕ್ಷಿಗೆ ತಂತಿಯ ಮೇಲೆ ಒಣಹಾಕಿದ್ದ ತನ್ನ ಸ್ಕೂಲಿನ ಬಿಳಿ ಅಂಗಿಯ ಮಾತು ತರುತ್ತಾಳೆ. ಅದರ ಮೇಲೆ ಮಸಿ ಕೂತಿತ್ತಂತೆ, ಅಮ್ಮ ಎರಡನೇ ಸಲ ಒಗೆಯಬೇಕಾಯಿತಂತೆ. ಆ ಅಂಗಿ ಈಗಿಲ್ಲ, ಹೊಗೆ ಬಿಟ್ಟ ಕಾರೂ ಇಲ್ಲ. ಇತಿಹಾಸ ಓದಲು ವಿಶ್ವವಿದ್ಯಾಲಯಕ್ಕೆ ಹೋಗಿ ನಾನು ಹಚ್ಚಿಕೊಂಡು ಬಂದ ಚಟವೆಂದರೆ ಇದು: ಯಾರಾದರೂ ಏನಾದರೂ ನೆನಪಿಸಿಕೊಂಡು ಹೇಳಿದರೆ, ನೀನು ಅಲ್ಲಿದ್ದೆಯಾ, ಕಣ್ಣಾರೆ ಕಂಡೆಯಾ, ಇಲ್ಲ ಯಾರೋ ಹೇಳಿದ್ದಾ ಎಂದು ಮೊದಲು ಕೇಳುವುದು. ಇದರಿಂದ ಸ್ನೇಹಿತರು ಕಡಿಮೆಯಾಗಿದ್ದಾರೆ. ಅದೇ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಂಡರೆ ಬಾಲ್ಯದಲ್ಲಿ ಉಳಿಯುವುದೂ ಅಷ್ಟಕ್ಕಷ್ಟೇ. ಆದರೂ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಬಗ್ಗೆ ಬರೆಯಲು ಕೂತರೆ, ಬಣ್ಣ ಯಾವುದೇ ಇರಲಿ, ಮೊದಲು ಕಣ್ಣಿಗೆ ಬರುವುದು ಆ ಹೊಗೆ. ಅದರ ಹಿಂದೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಅಜ್ಜಿ.

ಮನೆ ಕೇರಿಯ ತುದಿಯಲ್ಲಿತ್ತು. ಒಂದರ ಹಿಂದೆ ಒಂದು ಮೂರು ಕೋಣೆ, ರೈಲಿನ ಡಬ್ಬಿಗಳ ಹಾಗೆ. ಮುಂದಿನ ಕೋಣೆಯಲ್ಲಿ ಒಂದು ಗೋಡೆಯನ್ನು ಅಪ್ಪ ಕಪ್ಪು ಬಣ್ಣ ಬಳಿದು ಬೋರ್ಡ್ ಮಾಡಿಕೊಂಡಿದ್ದ. ಕೊಟ್ಟೂರಿನ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅವನು ವಿಜ್ಞಾನದ ಮೇಷ್ಟ್ರು. ಸಂಜೆ ಮನೆಗೆ ಬಂದರೂ ಕೈಯಿಂದ ಸೀಮೆಸುಣ್ಣ ಇಳಿಯುತ್ತಿರಲಿಲ್ಲ. ಹಾಲು ಯಾಕೆ ಉಕ್ಕುತ್ತದೆ, ಒಗ್ಗರಣೆಗೆ ಬಿದ್ದ ಸಾಸಿವೆ ಯಾಕೆ ಸಿಡಿಯುತ್ತದೆ, ಎಲ್ಲವೂ ಆ ಗೋಡೆಗೆ ಬರುತ್ತಿತ್ತು. ನಡುವಿನ ಕೋಣೆ ಅಜ್ಜಿಯದು ಮತ್ತು ನನ್ನದು. ಅಪ್ಪನ ಅವ್ವ ಅವಳು, ನಾನು ಅವಳ ಮಗ್ಗುಲಲ್ಲೇ ಮಲಗಿ ಬೆಳೆದವನು. ಅವಳ ಸೀರೆಗೆ ಹುರಿದ ಶೇಂಗಾದ ವಾಸನೆ ಇರುತ್ತಿತ್ತು. ಕೊನೆಯದು ಅಡಿಗೆಮನೆ. ಅಲ್ಲಿ ಒಲೆಯ ಎದುರಿನ ಗೋಡೆಯ ಮೂಲೆಯಲ್ಲಿ ಮಣ್ಣಿನದೊಂದು ಸಣ್ಣ ಜಗುಲಿ ಇತ್ತು. ಅದರ ಮೇಲೆ ಹುಲಿಗೆಮ್ಮನ ಅಂಗೈ ಅಗಲದ ಹಿತ್ತಾಳೆ ಮುಖ, ಮುಂದೆ ಒಂದು ದೀಪ. ಅಮ್ಮ ಅಂಗನವಾಡಿಯ ಕೆಲಸಕ್ಕೆ ಹೋಗುವ ಮೊದಲು ರೊಟ್ಟಿ ಬಡಿಯುತ್ತಿದ್ದಳು, ಅಜ್ಜಿ ಪಕ್ಕದಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ರೊಟ್ಟಿಯ ಸದ್ದು ಮತ್ತು ಬತ್ತಿಯ ಮೌನ, ಇವೆರಡೂ ಒಂದೇ ಹೊತ್ತಿನವು.

ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ವರ್ಷ ಒಂದು ಪ್ಲಾಸ್ಟರಿನ ಬುದ್ಧನನ್ನು ತಂದು ಶೋಕೇಸಿನಲ್ಲಿ ಇಟ್ಟ. ಅಜ್ಜಿಗೆ ಬುದ್ಧನ ಮೇಲೆ ಯಾವ ತಕರಾರೂ ಇರಲಿಲ್ಲ. ಮನೆಗೆ ಇನ್ನೊಬ್ಬ ದೇವರು ಬಂದ ಎಂದುಕೊಂಡು ಮರುದಿನವೇ ಅವನ ಹಣೆಗೆ ಕುಂಕುಮ ಇಟ್ಟಳು. ಅಪ್ಪ ಒದ್ದೆ ಬಟ್ಟೆಯಲ್ಲಿ ಒರೆಸಿದ, ಅಷ್ಟರಲ್ಲಿ ಪ್ಲಾಸ್ಟರು ಕುಂಕುಮ ಕುಡಿದಿತ್ತು. ಆಮೇಲೆ ನಮ್ಮ ಬುದ್ಧ ಗುಲಾಬಿ ಹಣೆಯಲ್ಲೇ ನಮ್ಮನ್ನು ನೋಡುತ್ತಿದ್ದ. ಇದು ನಗೆಯಲ್ಲಿ ಮುಗಿಯಿತು. ಜಗುಲಿಯ ಮಾತು ಹಾಗೆ ಮುಗಿಯಲಿಲ್ಲ. ಒಂದು ಅಮಾವಾಸ್ಯೆ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ ಅಡಿಗೆಮನೆಗೆ ಬಂದವನು ದೀಪ ಉರಿಯುವುದನ್ನು ನೋಡುತ್ತಾ ನಿಂತ. ತುಂಬ ದಿನ ಒಳಗೇ ಇಟ್ಟುಕೊಂಡಿದ್ದ ಮಾತು ಇರಬೇಕು, ಮೆಲ್ಲಗೆ ಬಂತು.

"ನಮ್ಮ ಹಿರ್ಯಾರನ್ನ ಗುಡಿ ಹೊರಗ ನಿಲ್ಲಿಸಿದ ದೇವರಿಗೆ ನನ್ನ ಮನಿಯಾಗ ದೀಪ ಹಚ್ಚಬ್ಯಾಡವ್ವಾ."

"ಹೊರಗ ನಿಲ್ಲಿಸಿದ್ದು ಮಂದಿ. ಅಕಿ ಏನು ಮಾಡ್ಯಾಳ? ಅಕೀನೂ ನಮ್ಮ ಜೋಡಿ ಹೊರಗ ಇದ್ಲು."

ಈ ಎರಡು ಮಾತುಗಳ ಮಟ್ಟಿಗೆ ನನಗೆ ಸಂಶಯವಿಲ್ಲ, ಅಕ್ಕನೂ ಇವನ್ನೇ ಹೇಳುತ್ತಾಳೆ. ಆಮೇಲೆ ನಡೆದದ್ದರಲ್ಲಿ ನಮ್ಮಿಬ್ಬರ ಕಥೆ ಬೇರೆಯಾಗುತ್ತದೆ. ಒಟ್ಟಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಹಿತ್ತಾಳೆ ಮುಖವನ್ನು ಸೀರೆಯ ಗಂಟಿನಲ್ಲಿ ಸುತ್ತಿಕೊಂಡು ಕಾನಹೊಸಹಳ್ಳಿಯ ಮಗಳ ಮನೆಗೆ ಬಸ್ಸು ಹತ್ತಿದಳು. ಅಪ್ಪ ತಡೆಯಲಿಲ್ಲ, ಅವಳೂ ತಿರುಗಿ ನೋಡಲಿಲ್ಲ. ಅವಳಿಲ್ಲದ ಮನೆಯಲ್ಲಿ ನಾವು ಉಣ್ಣುತ್ತಿದ್ದ ರೀತಿಯೇ ಬದಲಾಯಿತು. ಶೇಂಗಾ ಚಟ್ನಿ ಕುಟ್ಟುವವರಿಲ್ಲ. ಅಪ್ಪ ಗೋಡೆಯ ಬೋರ್ಡಿನ ಕಡೆ ಹೋಗುತ್ತಿರಲಿಲ್ಲ. ಅಮ್ಮ ಎರಡು ರೊಟ್ಟಿ ಹೆಚ್ಚಾಗಿಯೇ ಬಡಿದು, ಆಮೇಲೆ ಅವನ್ನು ನೋಡುತ್ತಾ ಕೂರುತ್ತಿದ್ದಳು. ನಡುಕೋಣೆಯಲ್ಲಿ ಒಬ್ಬನೇ ಮಲಗಲು ನನಗೆ ಹೆದರಿಕೆ. ಆ ಹೆದರಿಕೆ ದೆವ್ವದ್ದಲ್ಲ, ಅಜ್ಜಿ ಇನ್ನು ಬರುವುದೇ ಇಲ್ಲವೇನೋ ಎಂಬುದರದು.

ಕಾರು ಬಂದದ್ದು ಆಗ. ಯಾವುದೋ ಇಲಾಖೆ ಹರಾಜಿಗೆ ಹಾಕಿದ ಹಳೆಯ ಡೀಸೆಲ್ ಅಂಬಾಸಿಡರ್. ಬಿಳಿ ಬಣ್ಣ ಹಾಲಿನ ಕೆನೆಯ ಹಾಗೆ ಹಳದಿಗೆ ತಿರುಗಿತ್ತು. ಬಾನೆಟ್ಟಿನ ಮೂತಿಯ ಮೇಲೆ ಬಾವುಟದ ಕೋಲು ಕಿತ್ತ ತೂತು ಹಾಗೇ ಇತ್ತು. ಕೇರಿಯ ಮೊದಲ ಕಾರು ಅದು. ಹುಡುಗರು ಮುಟ್ಟಿ ಮುಟ್ಟಿ ನೋಡಿದರು. ಹಿರಿಯರು ಸ್ವಲ್ಪ ದೂರ ನಿಂತರು, ಅಂಥ ಕಾರು ಕಂಡರೆ ರಸ್ತೆ ಬಿಟ್ಟು ಇಳಿದು ರೂಢಿಯಾದ ಕಾಲುಗಳು. ಸೈಕಲ್ಲಿನಲ್ಲಿ ಸ್ಟೇಷನ್ನಿಗೆ ಹೋಗಿ, ರೈಲು ಹಿಡಿದು ಸ್ಕೂಲಿಗೆ ಹೋಗಿ ಬರುವ ಮೇಷ್ಟ್ರಿಗೆ ಕಾರು ಯಾಕೆ ಬೇಕಾಯಿತೆಂದು ಅಪ್ಪ ಯಾರಿಗೂ ಹೇಳಲಿಲ್ಲ. ನನ್ನದು ಊಹೆ: ಬರುವಾಗ ಅವ್ವ ಬಸ್ಸಿನಲ್ಲಿ ನಿಂತು ಬರಬಾರದು ಅಂತ. ಊಹೆಗೆ ಆಧಾರವೆಂದರೆ ಅದರ ಮೊದಲ ದೂರದ ಪ್ರಯಾಣ ಕೂಡ್ಲಿಗಿ ದಾಟಿ ಕಾನಹೊಸಹಳ್ಳಿಗೆ. ನಾನು ಹಿಂದಿನ ಸೀಟಿನಲ್ಲಿದ್ದೆ. ಹಿತ್ತಾಳೆ ಮುಖವನ್ನು ಮಗಳ ಮನೆಯಲ್ಲೇ ಬಿಟ್ಟು, ಅಜ್ಜಿ ಮುಂದೆ ಅಪ್ಪನ ಪಕ್ಕ ಕೂತಳು, ಗಂಟು ತೊಡೆಯ ಮೇಲೆ. ಊರು ದಾಟಿದ ಮೇಲೆ ಅಪ್ಪ ರಸ್ತೆಯನ್ನೇ ನೋಡುತ್ತಾ ಮಾತು ತೆಗೆದ.

"ಒಂದ ಮಾತವ್ವಾ. ಮನಿಯಾಗ ದೀಪ ಹಚ್ಚಬಾರದು."

"ಹಚ್ಚಂಗಿಲ್ಲ."

"ಕಟ್ಟಿ ಮ್ಯಾಲೂ."

"ಎಲ್ಲೂ ಹಚ್ಚಂಗಿಲ್ಲಪಾ. ನಂದೂ ಒಂದು ಮಾತೈತಿ ಕೇಳು. ಇನ್ನೊಮ್ಮಿ ಇದರ ಸಲುವಾಗಿ ಜಗಳ ಬಂತಂದ್ರ ನಾ ಹೋಗ್ತೀನಿ. ಆಮ್ಯಾಲ ನೀ ವಿಮಾನ ತಂದ್ರೂ ಬರಂಗಿಲ್ಲ."

ಅಪ್ಪ ಹೂಂ ಎಂದ. ಹಾಗೆ ಒಪ್ಪಂದವಾಯಿತು. ಅಜ್ಜಿ ಒಮ್ಮೆ ಆಡಿದ ಮಾತನ್ನು ಹಿಂತೆಗೆದುಕೊಂಡವಳಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಅವಳ ಸ್ವಂತ ತಮ್ಮನ ಜೊತೆ ಯಾವುದೋ ಎತ್ತಿನ ಸಲುವಾಗಿ ಬಿಟ್ಟ ಮಾತು ಅವನು ಸತ್ತ ದಿನ ಮಾತ್ರ ಮತ್ತೆ ಶುರುವಾಗಿತ್ತು, ಅದೂ ಅಳುವಾಗಿ.

ಕಾರನ್ನು ಬೇವಿನ ಮರದ ಕೆಳಗೆ, ಕಟ್ಟೆಯ ಎದುರಿಗೇ ನಿಲ್ಲಿಸುತ್ತಿದ್ದೆವು. ಕೊಟ್ಟೂರು ರಸ್ತೆಯಲ್ಲಿ ಗ್ಯಾರೇಜಿದ್ದ ರಾಜಾಸಾಬ್ ಅದನ್ನು ನೋಡಿಕೊಳ್ಳುವವನು. ಸ್ಪ್ಯಾನರಿಗಿಂತ ಬಾಯಿ ಹೆಚ್ಚು ಓಡುವ ಮನುಷ್ಯ. ಬಂದ ಹೊಸದರಲ್ಲಿ ಅವನು ಬಾನೆಟ್ಟು ಎತ್ತಿ, ಇಂಜಿನ್ನಿನ ಮೇಲಿದ್ದ ಕಬ್ಬಿಣದ ಒಂದು ದುಂಡನೆಯ ಡಬ್ಬಿಯ ಚಿಟ್ಟೆ ತಿರುಪನ್ನು, ಬರಿಗೈಯಲ್ಲೇ ತಿರುಗುವಂಥದ್ದು, ಬಿಚ್ಚಿದ. ಒಳಗೆ ತಂತಿಯ ಜಾಳಿಗೆ, ಅದರ ಕೆಳಗೆ ಒಂದು ಬಟ್ಟಲು. ಬಟ್ಟಲಿಗೆ ಇಂಜಿನ್ ಆಯಿಲ್ ಸುರಿದ. ಅಪ್ಪ ನಮ್ಮನ್ನು ಕರೆದು ಪಾಠ ಮಾಡಿದ: ಇಂಜಿನ್ನು ಉಸಿರಾಡುವುದು ಇದರ ಮೂಲಕ, ಗಾಳಿಯಲ್ಲಿನ ಧೂಳು ಎಣ್ಣೆಗೆ ಅಂಟಿ ಇಲ್ಲೇ ಉಳಿಯುತ್ತದೆ. ನಮ್ಮ ಕಡೆಯ ಕೆಂಪು ಧೂಳಿಗೆ ಇದು ಬೇಕೇ ಬೇಕು. ಅಜ್ಜಿ ಕಟ್ಟೆಯಿಂದಲೇ ಎಲ್ಲ ನೋಡಿದಳು. ಗಾಳಿ, ಧೂಳು, ಉಸಿರು ಅವಳ ಕಿವಿಗೆ ಬಿತ್ತೋ ಇಲ್ಲವೋ. ಅವಳು ಕೇಳಿದ್ದು ಒಂದೇ, ಆ ಬಟ್ಟಲದಾಗ ಯಾವಾಗ್ಲೂ ಎಣ್ಣಿ ಇರಬೇಕೇನು ಅಂತ. ಬತ್ತಬಾರದು ನೋಡಜ್ಜಿ, ಬತ್ತಿದ್ರ ಗಾಡಿ ಸತ್ತಂಗ ಎಂದ ರಾಜಾಸಾಬ್.

ಅವತ್ತಿನಿಂದ ಅಜ್ಜಿ ಮಾಡುತ್ತಿದ್ದದ್ದು ನಮಗೆ ಗೊತ್ತಾದದ್ದು ತಡವಾಗಿ, ಆದರೆ ಇಲ್ಲೇ ಹೇಳಿಬಿಡುತ್ತೇನೆ. ಊರಿನ ಲಾರಿಗಳಿಗೆ, ಟ್ರ್ಯಾಕ್ಟರುಗಳಿಗೆ, ಸೈಕಲ್ ಅಂಗಡಿಯ ಪಂಪಿಗೂ ಅಮಾವಾಸ್ಯೆಗೆ ನಿಂಬೆಹಣ್ಣು, ಕಾಯಿ, ಊದಿನಕಡ್ಡಿ ಆಗುತ್ತಿತ್ತು. ನಮ್ಮ ಕಾರಿಗೆ ಅಪ್ಪನ ಕಾನೂನಿನ ಪ್ರಕಾರ ಏನೂ ಇಲ್ಲ. ಅಮಾವಾಸ್ಯೆಯ ಮಧ್ಯಾಹ್ನ, ಅಪ್ಪ ಸ್ಕೂಲಿನಲ್ಲಿ, ಅಮ್ಮ ಅಂಗನವಾಡಿಯಲ್ಲಿ, ನಾವಿಬ್ಬರೂ ಎಲ್ಲೋ ಇರುವ ಹೊತ್ತು, ಅಜ್ಜಿ ಅಡಿಗೆಮನೆಯಿಂದ ಒಂದು ಲೋಟದಲ್ಲಿ ಶೇಂಗಾ ಎಣ್ಣೆ ತರುತ್ತಿದ್ದಳು. ಬಾನೆಟ್ಟಿನ ಕೊಂಡಿ ಸವೆದುಹೋಗಿ ಅಪ್ಪ ತಂತಿ ಕಟ್ಟಿದ್ದರಿಂದ ಅದನ್ನು ತೆಗೆಯುವುದು ಸುಲಭ, ಹೊಲದಲ್ಲಿ ಹೊರೆ ಎತ್ತಿದ ಕೈಗಳಿಗೆ ಬಾನೆಟ್ಟು ಭಾರವಲ್ಲ. ಚಿಟ್ಟೆ ತಿರುಪು ಬಿಚ್ಚಿ, ಮುಚ್ಚಳ ಎತ್ತಿ, ಜಾಳಿಗೆಯ ಮೇಲೆ ಎಣ್ಣೆ ಎರೆದು, ಒಂದು ಹೂವು ಇಟ್ಟು, ಕೈ ಮುಗಿದು ಮುಚ್ಚುತ್ತಿದ್ದಳು. ದೀಪ ಹಚ್ಚುತ್ತಿರಲಿಲ್ಲ. ಕಡ್ಡಿಪೆಟ್ಟಿಗೆಯನ್ನು ಮುಟ್ಟುತ್ತಲೂ ಇರಲಿಲ್ಲ. ಮಾತು ಮಾತೇ.

ಇಂಜಿನ್ ಆಯಿಲ್ಲು ವರ್ಷಗಟ್ಟಲೆ ಆಯಿಲ್ಲಾಗಿಯೇ ಇರುತ್ತದೆ, ಶೇಂಗಾ ಎಣ್ಣೆ ಹಾಗಲ್ಲ. ಬಿಸಿಗೆ, ಗಾಳಿಗೆ ಅದು ಮಂದವಾಗುತ್ತದೆ, ಅಂಟಾಗುತ್ತದೆ, ಕೊನೆಗೆ ಹಳೆಯ ಬಾಣಲೆಯ ಅಂಚಿನಲ್ಲಿ ಕೂರುವ ಕಂದು ಪದರದ ಹಾಗೆ ಗಟ್ಟಿಯಾಗುತ್ತದೆ. ತಿಂಗಳು ತಿಂಗಳಿಗೂ ಕಾರಿನ ಮೂಗು ಕಟ್ಟುತ್ತಾ ಬಂತು. ಬಟ್ಟಲು ತುಂಬಿ ಮಿಕ್ಕಿದ್ದನ್ನು ಇಂಜಿನ್ನು ಒಳಗೆಳೆದುಕೊಂಡು ಸುಟ್ಟಿತು. ಹೊಗೆ ಶುರುವಾಯಿತು. ಮೊದಲು ಮುಂಜಾನೆ ಒಂದಿಷ್ಟು, ಆಮೇಲೆ ಹರಪನಹಳ್ಳಿಯ ಏರು ಹತ್ತುವಾಗ, ಆಮೇಲೆ ಎಲ್ಲ ಕಡೆ. ಬಸ್ ಸ್ಟ್ಯಾಂಡಿನ ಹತ್ತಿರ ಹೋದರೆ ಜನ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಅಪ್ಪನಿಗೆ ಇದು ಅವಮಾನಕ್ಕಿಂತ ಹೆಚ್ಚಾಗಿ ಒಂದು ಲೆಕ್ಕದ ಹಾಗೆ ಕಂಡಿತು. ಗೋಡೆಯ ಬೋರ್ಡಿಗೆ ಬಹಳ ದಿನಗಳ ಮೇಲೆ ಸೀಮೆಸುಣ್ಣ ಬಿತ್ತು. ಕಪ್ಪು ಹೊಗೆಯಾದರೆ ಗಾಳಿ ಸಾಲದು. ನೀಲಿಯಾದರೆ ಎಣ್ಣೆ ಸುಡುತ್ತಿದೆ. ಬಿಳಿಯಾದರೆ ನೀರು, ಇಲ್ಲವೇ ಸುಡದೆ ಹೋದ ಡೀಸೆಲ್. ಮನೆಯವರೆಲ್ಲ ನೋಡಿ ಹೇಳಬೇಕು. ನಾನು ನೀಲಿ ಎಂದೆ, ಅಕ್ಕ ಕಪ್ಪು ಎಂದಳು. ಜಗಳ ಶುರುವಾದದ್ದೇ ಅಲ್ಲಿ. ಈಗ ಯೋಚಿಸಿದರೆ ಇಬ್ಬರದೂ ಸರಿ ಇರಬಹುದು, ಗಾಳಿಯೂ ಕಟ್ಟಿತ್ತು, ಎಣ್ಣೆಯೂ ಸುಡುತ್ತಿತ್ತು. ಆದರೆ ಹಾಗೆ ರಾಜಿಯಾಗಲು ಅಕ್ಕ ತಯಾರಿಲ್ಲ. ಅಜ್ಜಿಯನ್ನು ಕೇಳಿದಾಗ ಅವಳು, ಹೊಗಿ ಹೊಗಿ ಬಣ್ಣಾನ ಐತಿ ಎಂದು ಮುಖ ತಿರುಗಿಸಿದಳು.

ಒಂದು ದಿನ ಕಾರು ಶುರುವಾಗಲೇ ಇಲ್ಲ. ಇಂಜಿನ್ನನ್ನು ಬೆಚ್ಚಗೆ ಮಾಡುವ ಹೀಟರ್ ಕಾಯಿಸಿ ಕೀ ತಿರುಗಿಸಿದರೆ ಸೆಲ್ಫು ತಿರುಗುತ್ತದೆ, ಹಿಂದಿನಿಂದ ಒಂದು ಮುದ್ದೆ ಹೊಗೆ ಬರುತ್ತದೆ, ಇಂಜಿನ್ನು ಮಾತ್ರ ಹಿಡಿಯುವುದಿಲ್ಲ. ರಾಜಾಸಾಬ್ ಬಂದು ಹೊಗೆಯ ಮುಂದೆ ಕೈ ಆಡಿಸಿ ಬೋರ್ ಹೋಗೈತ್ರಿ, ಒಳಗ ಸಿಲಿಂಡರ್ ಸವದೈತಿ ಎಂದ, ಇಂಜಿನ್ ಇಳಿಸಬೇಕು ಎಂದ.

"ಇದು ಸಾಹೇಬ್ರನ್ನ ಕೂಡ್ರಿಸಿಕೊಂಡು ಮೈ ಬೆಳೆಸಿದ ಗಾಡಿ ಮೇಷ್ಟ್ರೇ. ನಿಮ್ಮ ಮನಿ ರೊಟ್ಟಿಗೆ ಒಗ್ಗಿಲ್ಲ."

ಅಪ್ಪ ಒಪ್ಪಲಿಲ್ಲ. ಕಾರಣ ಸಿಗದೆ ಇಂಜಿನ್ ಇಳಿಸುವುದೆಂದರೆ ರೋಗ ಗೊತ್ತಿಲ್ಲದೆ ಹೊಟ್ಟೆ ಕೊಯ್ದ ಹಾಗೆ ಎಂದ. ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಯವರೆಗೆ ತಾನೇ ನೋಡುತ್ತೇನೆ ಎಂದ. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಸೆಲ್ಫ್ ಹೊಡೆಸುತ್ತಾ, ತಾನು ಹಿಂದೆ ಕೂತು ಹೊಗೆ ನೋಡುತ್ತಿದ್ದ. ಹಾಗೊಮ್ಮೆ ಹೊಡೆದಾಗ ಅಮ್ಮ ಸೌಟು ಹಿಡಿದುಕೊಂಡೇ ಒಳಗಿನಿಂದ ಬಂದಳು. ಯಾರ ಮನ್ಯಾಗ ಮಿರ್ಚಿ ಕರಿಯಾಕತ್ಯಾರ ಎಂದು ಕೇಳಿದಳು. ಯಾರ ಮನೆಯಲ್ಲೂ ಇಲ್ಲ. ಗಾಳಿಯನ್ನು ಮೂಸುತ್ತಾ ಕಾರಿನ ಹಿಂದಕ್ಕೆ ಬಂದು, ಕೊಳವೆಯ ಹತ್ತಿರ ಬಗ್ಗಿ, ಇದು ಎರಡು ಸಲ ಕಾಯಿಸಿದ ಎಣ್ಣಿ ವಾಸನಿ ಎಂದಳು. ಅಪ್ಪ ಥಟ್ಟನೆ ಎದ್ದು ನಿಂತು ಏನಂದಿ ಎಂದ. ಅಮ್ಮ ಬಾಯಿ ತೆರೆದವಳು ಕಟ್ಟೆಯ ಕಡೆ ನೋಡಿದಳು. ಅಲ್ಲಿ ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬೇವಿನ ಮರವನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು.

"ಏನಿಲ್ಲ," ಎಂದಳು ಅಮ್ಮ. "ನನಗ ನೆಗಡಿ ಆಗೈತಿ."

ಅಡಿಗೆಮನೆಯ ಡಬ್ಬಿಯಲ್ಲಿ ಎಣ್ಣೆ ಯಾಕೆ ಬೇಗ ಮುಗಿಯುತ್ತದೆ ಎಂದು ಅಮ್ಮ ಎಷ್ಟೋ ತಿಂಗಳಿಂದ ಅಕ್ಕನನ್ನು ಬೈಯುತ್ತಿದ್ದಳು, ತಲೆಗೆ ಹಚ್ಚಿಕೊಂಡು ಖಾಲಿ ಮಾಡುತ್ತೀ ಅಂತ. ಅಂದಿನಿಂದ ಬೈಗುಳ ನಿಂತಿತು. ಅದಕ್ಕಿಂತ ವಿಚಿತ್ರವೆಂದರೆ, ಹಳೇ ಬಕೇಟಿಗೆ ಬೆಸುಗೆ ಹಾಕಿಸಿ ಬಳಸುವ ಅಮ್ಮ, ಕಾರನ್ನು ಸುಮ್ಮನೆ ರಾಜಾಸಾಬನಿಗೆ ಕೊಟ್ಟುಬಿಡ್ರಿ, ಅವನು ಒಯ್ದು ಏನು ಬೇಕೋ ಬಿಚ್ಚಿಕೊಳ್ಳಲಿ ಎಂದು ಅಪ್ಪನಿಗೆ ಗಂಟುಬಿದ್ದಳು. ಬಟ್ಟಲು ನಮ್ಮ ಕಟ್ಟೆಯ ಎದುರು ತೆರೆಯಬಾರದು, ಎಲ್ಲೋ ದೂರದ ಗ್ಯಾರೇಜಿನಲ್ಲಿ ತೆರೆಯಲಿ ಎಂದು ಅವಳ ಲೆಕ್ಕ. ಅಪ್ಪನಿಗೆ ಹೆಂಡತಿಗೆ ಏನಾಗಿದೆ ಎಂದು ತಿಳಿಯಲಿಲ್ಲ. ಅವನು ತನ್ನ ಹಟದಲ್ಲಿ ಮುಂದುವರಿದ. ದಿನಾ ಸಂಜೆ ಒಂದೊಂದೇ ಭಾಗ ಬಿಚ್ಚಿ, ತೊಳೆದು, ಸರಿಯಿದೆ ಎಂದು ಕಂಡ ಮೇಲೆ ಬೋರ್ಡಿನ ಮೇಲೆ ಅಡ್ಡಗೆರೆ ಎಳೆಯುತ್ತಿದ್ದ. ಬ್ಯಾಟರಿ ಸರಿ. ಟ್ಯಾಂಕು, ಪೈಪು ಸರಿ. ಪಂಪು ಸರಿ. ಪ್ರತಿ ಗೆರೆಗೂ ಅವನು ಒಂದು ಹೆಜ್ಜೆ ಬಟ್ಟಲಿನ ಹತ್ತಿರ ಬರುತ್ತಿದ್ದ, ಅಜ್ಜಿ ಒಂದು ತುತ್ತು ಕಡಿಮೆ ಉಣ್ಣುತ್ತಿದ್ದಳು. ನನಗೆ ಎಣ್ಣೆಯ ವಿಷಯ ಗೊತ್ತಿರಲಿಲ್ಲ. ಆದರೆ ಅವಳ ಗಂಟು ಮತ್ತೆ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಬಂದು ಕೂತದ್ದನ್ನು ಕಂಡಿದ್ದೆ. ಆ ಗಂಟು ಯಾವಾಗಲೂ ಅಲ್ಲೇ ಇರುತ್ತಿತ್ತು, ಅವಳು ಮಲಗುವಾಗ ತಲೆಗೆ ದಿಂಬಾಗಿ ಇಟ್ಟುಕೊಳ್ಳುತ್ತಿದ್ದಳು ಎಂದು ಅಕ್ಕ ಹೇಳುತ್ತಾಳೆ. ಇರಬಹುದು. ನನಗೆ ಅದು ಹೊರಟು ನಿಂತ ಗಂಟಾಗಿಯೇ ಕಂಡಿತು.

ಭಾನುವಾರ ಬೆಳಿಗ್ಗೆ ಬೋರ್ಡಿನಲ್ಲಿ ಡೀಸೆಲ್ ಚಿಮ್ಮಿಸುವ ನಾಝಲ್ಲುಗಳ ಮೇಲೂ ಗೆರೆ ಬಿತ್ತು. ರಾಜಾಸಾಬ್ ತಾನು ಹೇಳಿದ್ದೇ ನಿಜವಾಗುತ್ತದೆಂದು ನೋಡಲು ಬಂದು, ಎಲೆ ಅಡಿಕೆ ಜಗಿಯುತ್ತಾ ಮಡ್‌ಗಾರ್ಡಿಗೆ ಒರಗಿದ್ದ. ಉಳಿದದ್ದು ಗಾಳಿ ಒಂದೇ ಎಂದ ಅಪ್ಪ. ಗಾಳಿಗೇನು ಬಂದೈತಿ ರೋಗ, ಊರ ತುಂಬ ಐತಿ ಎಂದ ರಾಜಾಸಾಬ್. ಅಮ್ಮ ರೊಟ್ಟಿ ಆರುತ್ತವೆ, ಮೊದಲು ಉಣ್ಣಾಕ ಬರ್ರಿ ಎಂದು ಬಾಗಿಲಲ್ಲಿ ನಿಂತು ಕರೆದಳು. ಅಪ್ಪ ಚಿಟ್ಟೆ ತಿರುಪಿಗೆ ಕೈ ಹಾಕಿಯಾಗಿತ್ತು. ಮುಚ್ಚಳ ಒಂದೇ ಸಲಕ್ಕೆ ಬರಲಿಲ್ಲ, ಬೆಲ್ಲದ ಪಾಕಕ್ಕೆ ಅಂಟಿದ ತಟ್ಟೆಯ ಹಾಗೆ ಎಳೆದು ಎಳೆದು ಬಿಟ್ಟುಕೊಂಡಿತು. ಜಾಳಿಗೆ ಕಾಣುತ್ತಲೇ ಇರಲಿಲ್ಲ. ಅದರ ಮೇಲೆಲ್ಲ ಕಂದು ಬಣ್ಣದ ಮೇಣದಂಥದ್ದು ಕಟ್ಟಿತ್ತು, ಅದರೊಳಗೆ ಸಿಕ್ಕಿಕೊಂಡು ಕಣಗಿಲ ಹೂವುಗಳು. ಒಂದೊಂದೂ ಬಣ್ಣ ಕಳೆದು, ಆಕಾರ ಮಾತ್ರ ಕೆಡದೆ ಇದ್ದವು. ಅಪ್ಪ ಮುಚ್ಚಳವನ್ನು ತಿರುಗಿಸಿ ನೋಡಿದ, ಒಳಮೈಗೆ ಕುಂಕುಮ. ರಾಜಾಸಾಬ್ ಬೆರಳು ಅದ್ದಿ ಮೂಸಿ, ಮೇಷ್ಟ್ರೇ ಇದರಾಗ ಮಿರ್ಚಿ ಬಿಟ್ಟೀರೇನು ಎಂದ. ಯಾರೂ ನಗಲಿಲ್ಲ. ಅಪ್ಪ ಜಾಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಟ್ಟೆಯ ಕಡೆ ತಿರುಗಿದ. ಅಜ್ಜಿ ಗಂಟಿನ ಮೇಲೆ ಕೈ ಇಟ್ಟುಕೊಂಡು ಎದ್ದು ಕೂತಳು. ಮೊದಲು ಮಾತಾಡಿದವಳು ಅವಳೇ.

"ನಾ ದೀಪ ಹಚ್ಚಿಲ್ಲ."

ಅಪ್ಪ ಜಾಳಿಗೆಯನ್ನು ಬಿಸಿಲಿಗೆ ಹಿಡಿದು ಹೂವುಗಳನ್ನು ನೋಡಿದ.

"ಮಾತು ಕೊಟ್ಟಂಗ ನಡಕೊಂಡೀನಿ. ಎಣ್ಣಿ ಹಾಕೀನಿ, ಹಚ್ಚಿಲ್ಲ."

"ಯಾಕ ಹಾಕಿದವ್ವಾ?"

"ಲಾರಿಯವ್ರು, ಟ್ರ್ಯಾಕ್ಟರಿನವ್ರು ಏನಾರ ಒಂದು ಮಾಡೇ ರೋಡಿಗೆ ಇಳೀತಾರ. ನೀ ಏನೂ ಇಲ್ಲದ ಹೋಗ್ತಿ. ನೀ ತಿರುಗಿ ಬರೂಮಟ ನನ್ನ ಜೀವ ನಿಲ್ಲಂಗಿಲ್ಲ. ಬಟ್ಟಲ ಬತ್ತಿದ್ರ ಗಾಡಿ ಸಾಯ್ತೈತಿ ಅಂತ ಈ ರಾಜಾಸಾಬಣ್ಣ ಹೇಳಿದ್ದ. ಬತ್ತಲಾರದಂಗ ನೋಡಿಕೊಂಡೆ."

ನನ್ನನ್ಯಾ­ಕ ಎಳೀತಿ ಅಜ್ಜಿ ಎಂದು ರಾಜಾಸಾಬ್ ಗೊಣಗಿ, ಎಲೆ ಅಡಿಕೆ ಉಗುಳುವ ನೆವದಲ್ಲಿ ಮರದ ಆಚೆಗೆ ಹೋದ. ಅಪ್ಪನ ಹತ್ತಿರ ಹೇಳಲು ಬೇಕಾದಷ್ಟಿತ್ತು. ದೇವರ ಬಗ್ಗೆ, ಗುಡಿಯ ಬಗ್ಗೆ, ನಂಬಿಕೆ ಒಂದು ಒಳ್ಳೆಯ ಯಂತ್ರವನ್ನು ಹೇಗೆ ಉಸಿರುಕಟ್ಟಿಸುತ್ತದೆ ಎಂಬುದರ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಅವನ ಕೈಗೆ ಯಾವತ್ತೂ ಸಿಕ್ಕಿರಲಿಲ್ಲ, ಅಕ್ಷರಶಃ ಕೈಯಲ್ಲೇ ಇತ್ತು. ಒಂದು ಮಾತು ಆಡಿದ್ದರೂ ಅಜ್ಜಿ ಮಧ್ಯಾಹ್ನದ ಬಸ್ಸು ಹತ್ತುತ್ತಿದ್ದಳು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಪ್ಪ ಆಗ ನಕ್ಕ ಎನ್ನುತ್ತಾಳೆ ಅಕ್ಕ. ನನಗೆ ನಕ್ಕದ್ದು ನೆನಪಿಲ್ಲ. ನನಗೆ ನೆನಪಿರುವುದು ಅವನು ಆ ಹೂವುಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿ ಬೇವಿನ ಮರದ ಬುಡಕ್ಕೆ ಇಟ್ಟದ್ದು, ಎಸೆಯದೆ ಇಟ್ಟದ್ದು. ಆಮೇಲೆ ಅಮ್ಮನಿಗೆ ಸೀಮೆಎಣ್ಣೆ ತಾ ಎಂದ.

ಸೀಮೆಎಣ್ಣೆಗೆ ಆ ಮೇಣ ಜಗ್ಗಲಿಲ್ಲ. ಅಮ್ಮ ಬಾಣಲೆ ತಿಕ್ಕುವ ಸೋಡಾ ಹಾಕಿ ನೀರು ಕುದಿಸಿ ತಂದಳು, ಗಂಡ ಹೆಂಡತಿ ಇಬ್ಬರೂ ತೆಂಗಿನ ನಾರು ಹಿಡಿದು ಅಂಗಳದಲ್ಲಿ ಕೂತು ತಿಕ್ಕಿದರು. ಅಷ್ಟು ಅಕ್ಕಪಕ್ಕ ಕೂತು ಅವರು ಒಂದೇ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಕಡಿಮೆ. ನಿನ್ನ ನೆಗಡಿ ವಾಸಿ ಆತೇನು ಎಂದು ಅಪ್ಪ ಕೇಳಿದ. ಆತ್ರಿ ಎಂದಳು ಅಮ್ಮ, ತಲೆ ಎತ್ತದೆ. ಜಾಳಿಗೆ ಬಿಸಿಲಿಗೆ ಒಣಗಿತು, ಬಟ್ಟಲಿಗೆ ಹೊಸ ಆಯಿಲ್ ಬಿತ್ತು. ನಾನು ಸೀಟಿನಲ್ಲಿ ಕೂತು ಹೀಟರ್ ಕಾಯಿಸಿ ಸೆಲ್ಫ್ ಹೊಡೆದೆ. ಕಾರು ಕೆಮ್ಮಿತು, ಅಲುಗಿತು, ಒಳಗೆ ಉಳಿದದ್ದನ್ನೆಲ್ಲ ಒಂದು ದೊಡ್ಡ ಮೋಡ ಮಾಡಿ ಹೊರಗೆ ಹಾಕಿತು, ಆಮೇಲೆ ಸ್ವಚ್ಛವಾಗಿ ಗುಡುಗುಡು ಎನ್ನತೊಡಗಿತು. ನಾ ಮೊದಲೇ ಹೇಳಿರಲಿಲ್ಲೇನ್ರಿ, ಬೋರ್‌ಗೆ ಏನೂ ಆಗಿಲ್ಲ ಅಂತ ಎಂದು ರಾಜಾಸಾಬ್ ಮರದ ಆಚೆಯಿಂದ ಬಂದ.

ಅಜ್ಜಿ ಇನ್ನೂ ಗಂಟಿನ ಮೇಲಿನ ಕೈ ತೆಗೆದಿರಲಿಲ್ಲ. ಅಪ್ಪ ಆಯಿಲ್ ಡಬ್ಬಿ ಹಿಡಿದುಕೊಂಡು ಹೋಗಿ ಕಟ್ಟೆಯ ಕೆಳಗೆ, ನೆಲದ ಮೇಲೆ, ಅವಳ ಕಾಲಿನ ಹತ್ತಿರ ಕೂತ.

"ಶೇಂಗಾ ಎಣ್ಣಿ ಅಂಟಾಗತೈತವ್ವಾ. ಗಾಡಿಗೆ ಉಸಿರು ಕಟ್ಟತೈತಿ. ಹಾಕಿದ್ರ ಇದನ್ನ ಹಾಕು."

ಅಜ್ಜಿ ಡಬ್ಬಿಯನ್ನು ಮೂಸಿ ನೋಡಿ ಮುಖ ಕಿವುಚಿದಳು. "ಇದು ಮಷೀನಿನ ಎಣ್ಣಿ. ಇಂಥದು ಯಾವ ದೇವ್ರಿಗೆ ಸೇರತೈತಿ?"

"ದೇವ್ರಿಗಲ್ಲ. ಬಟ್ಟಲಕ್ಕ."

"ಬಟ್ಟಲಕ್ಕಂತ ನಾ ಯಾವಾಗ ಹಾಕಿದ್ದೆ?"

ಅಪ್ಪ ಕೈಗಂಟಿದ್ದ ಮಸಿಯನ್ನು ಲುಂಗಿಗೆ ಒರೆಸಿಕೊಂಡ.

"ಯಾರಿಗಾರ ಹಾಕು," ಎಂದ. "ಗೆರಿ ಮಟ ಹಾಕು, ಅಷ್ಟ."

ಅಜ್ಜಿ ಕಟ್ಟೆಯಿಂದ ಇಳಿದು, ಗೆರಿ ಎಲ್ಲೈತಿ ತೋರಸು ಎಂದಳು. ಅವನು ಬಾನೆಟ್ಟು ಎತ್ತಿ ಹಿಡಿದು, ಬಟ್ಟಲಿನ ಒಳಗಿನ ಗೆರೆಯನ್ನು ಅವಳ ಬೆರಳಿಗೆ ಮುಟ್ಟಿಸಿ ತೋರಿಸಿದ. ಅವತ್ತು ಉಂಡದ್ದು ಬಹಳ ತಡವಾಗಿ. ಅಜ್ಜಿ ಶೇಂಗಾ ಚಟ್ನಿಗೆ ಖಾರ ಸಾಲದು ಎಂದು ಅಮ್ಮನನ್ನು ದೂರಿದಳು, ನಮಗೆಲ್ಲ ಅದು ಹಬ್ಬದ ಹಾಗೆ ಕೇಳಿಸಿತು.

ಆ ಮೇಲಿನ ವರ್ಷಗಳಲ್ಲಿ ಅಮಾವಾಸ್ಯೆಯ ಎಣ್ಣೆ ಗುಟ್ಟಾಗಿ ಉಳಿಯಲಿಲ್ಲ. ಅಜ್ಜಿ ಬೆಳಿಗ್ಗೆಯೇ ಎಲ್ಲರ ಎದುರು ಬಾನೆಟ್ಟು ತೆಗೆಸಿ, ಡಬ್ಬಿಯಿಂದ ಲೋಟಕ್ಕೆ ಬಗ್ಗಿಸಿಕೊಂಡು ಗೆರೆಯವರೆಗೆ ಎರೆಯುತ್ತಿದ್ದಳು. ಹೂವನ್ನು ಮುಚ್ಚಳದ ಹೊರಗೆ ಇಡುತ್ತಿದ್ದಳು. ಅಪ್ಪ ಆ ಹೊತ್ತಿಗೆ ಪೇಪರು ಓದುತ್ತಿದ್ದ. ಕಣ್ಣು ಮಂಜಾದ ಮೇಲೆ ಅವಳು ಗೆರೆಯನ್ನು ಬೆರಳ ತುದಿಯಿಂದ ಹುಡುಕುತ್ತಿದ್ದಳು. ಒಂದು ತಿಂಗಳೂ ಬಟ್ಟಲು ತುಂಬಿದ್ದು ನಾನು ಕಾಣಲಿಲ್ಲ, ಪ್ರತಿ ಸಲವೂ ಅವಳು ಎರೆಯುವಷ್ಟು ಖಾಲಿ ಇರುತ್ತಿತ್ತು. ಹುಡುಗನಾಗಿದ್ದಾಗ ಇದು ನನಗೆ ವಿಚಿತ್ರ ಅನಿಸಲಿಲ್ಲ. ದೀಪದ ಎಣ್ಣೆ ಕಡಿಮೆಯಾಗುತ್ತದೆ, ಇದೂ ಆಗುತ್ತದೆ. ವಿಶ್ವವಿದ್ಯಾಲಯ ಸೇರಿ ಎಲ್ಲವನ್ನೂ ಸಂಶಯಿಸಲು ಕಲಿತ ಮೇಲೆ ತಲೆಗೆ ಹೊಳೆಯಿತು: ಆ ಎಣ್ಣೆ ಸುಡುವುದಿಲ್ಲ, ಧೂಳು ಹಿಡಿದುಕೊಂಡು ಸುಮ್ಮನೆ ಕೂತಿರುತ್ತದೆ. ಅದು ತಿಂಗಳು ತಿಂಗಳಿಗೆ ಕಡಿಮೆಯಾಗುವುದು ಹೇಗೆ? ಮುಂದೆ ಬರೆಯುವುದನ್ನು ಅಕ್ಕ ನಂಬುವುದಿಲ್ಲ. ಅದು ನಾನು ಆಮೇಲೆ ಮನಸ್ಸಿನಲ್ಲಿ ಕಟ್ಟಿಕೊಂಡ ಅಪ್ಪ, ನಿಜವಾದವನಿಗೆ ಅಷ್ಟು ಪುರುಸೊತ್ತು ಎಲ್ಲಿತ್ತು ಎನ್ನುತ್ತಾಳೆ. ಅವಳು ಆಗ ನರ್ಸಿಂಗ್ ಹಾಸ್ಟೆಲಿನಲ್ಲಿದ್ದಳು, ಮನೆಯಲ್ಲಿರಲಿಲ್ಲ. ನಾನಿದ್ದೆ. ರಜೆಗೆ ಬಂದಿದ್ದೆ. ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ, ಅಜ್ಜಿ ಒಳಗೆ ಮಲಗಿದ್ದಾಗ, ಅಪ್ಪ ಕಾರಿನ ಬಾನೆಟ್ಟು ಎತ್ತಿ ಒಳಗೆ ಬಗ್ಗಿದ್ದ. ಕೈಯಲ್ಲಿ ಸೂಜಿಯಿಲ್ಲದ ಒಂದು ದಪ್ಪ ಸಿರಿಂಜು. ಬಟ್ಟಲಿನಿಂದ ಆಯಿಲ್ ಎಳೆದು ಎಳೆದು ಒಂದು ಬಾಟಲಿಗೆ ಬಿಡುತ್ತಿದ್ದ, ಮಟ್ಟ ಗೆರೆಯಿಂದ ಒಂದು ಬೆರಳಷ್ಟು ಕೆಳಗಿಳಿಯುವವರೆಗೆ. ನಾನು ಹತ್ತಿರ ಹೋಗಿ ನಿಂತೆ. ಆಗಿನ ನನ್ನ ವಯಸ್ಸಿಗೆ ತಕ್ಕ ಹಾಗೆ, ಇದು ಪೂಜೆ ಅಲ್ಲದ ಮತ್ತೇನಪ್ಪಾ, ನೀನೇ ಮಾಡಿಸಿದಂಗಾತಲ್ಲ ಎಂದೆ. ಅವನು ತಲೆ ಎತ್ತಲಿಲ್ಲ. ಕಣ್ಣನ್ನು ಎಣ್ಣೆಯ ಮಟ್ಟಕ್ಕೆ ಸರಿಯಾಗಿ ತಂದು, ಇನ್ನೊಂದಿಷ್ಟು ಎಳೆದ.

"ಅಕಿಗೆ ಹಾಕಾಕ ಜಾಗ ಬೇಕಲ್ಲಲೇ," ಎಂದ. "ಮುಚ್ಚಳ ಕೊಡು."

ಕೊಟ್ಟೆ.